ಒಂದೇ ಹುಡುಗಿಯ ನಾಲ್ಕು ಅರ್ಜಿ

ನನ್ನ ಸೋದರಮಾವ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟರೆ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಆಮೇಲೆ ಕೂರುತ್ತಿದ್ದರು. ಮದುವೆಮನೆಯಲ್ಲಿ ಚಪ್ಪಲಿ ಬಿಡುವಾಗ ಒಂದನ್ನು ಈ ಮೂಲೆಗೆ, ಇನ್ನೊಂದನ್ನು ಆ ಮೂಲೆಗೆ ಬಿಡುತ್ತಿದ್ದರು. ಸೋಂಪುರದ ಒಂದು ಕಾರ್ಖಾನೆಯಲ್ಲಿ ಅವರು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಒಳಗೆ ಬಂದ ಸಾಮಾನು ಹೊರಗೆ ಹೋಗದಂತೆ ಕಾಯುವ ಕೆಲಸ. "ಅನುಮಾನ ಪಡೋದಕ್ಕೇ ನಂಗೆ ಸಂಬಳ ಕಣಮ್ಮಾ," ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಹಿಂಭಾಗದ ಶೆಡ್ಡಿನಲ್ಲಿ ಅಪ್ಪನ ಪವರ್‌ಲೂಮ್ ಮಗ್ಗಗಳಿದ್ದವು. ನಮ್ಮ ಬೀದಿಯವರೆಲ್ಲ ಸ್ವಲ್ಪ ಜೋರಾಗಿಯೇ ಮಾತಾಡುತ್ತಿದ್ದೆವು. ಮಗ್ಗದ ಸದ್ದನ್ನು ಮೀರಿ ಕೇಳಿಸಬೇಕಲ್ಲ. ನಾನು ಬಿ.ಎ. ಮುಗಿಸಿ, ಇಂಗ್ಲಿಷ್ ಟೈಪಿಂಗ್ ಕಲಿತು, ಅಪ್ಪನ ಜೊತೆ ಮಗ್ಗದ ಮುಂದೆಯೂ ನಿಲ್ಲುತ್ತಾ ಮನೆಯಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಗಂಡು ಹುಡುಕುವ ಹೊಣೆಯನ್ನು ಅಮ್ಮ ತನ್ನ ತಮ್ಮನಿಗೆ ವಹಿಸಿದ್ದಳು.

ಮಾವ ಮೊದಲು ಅನುಮಾನಪಟ್ಟಿದ್ದು ಮದುವೆ ದಲ್ಲಾಳಿಯ ಮೇಲೆ. ಆತ ನಮ್ಮ ಹತ್ತಿರ ಹುಡುಗನ ಬಗ್ಗೆ ಒಂದು ಹೇಳುತ್ತಾನೆ, ಅವರ ಹತ್ತಿರ ನನ್ನ ಬಗ್ಗೆ ಇನ್ನೊಂದು ಹೇಳುತ್ತಾನೆ ಎಂದು ಅವನನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟರು. ಅದೇ ಸಮಯಕ್ಕೆ ಅವರ ಕಾರ್ಖಾನೆಯ ಎಂಜಿನಿಯರ್ ಒಬ್ಬರಿಗೆ ಇಂಟರ್‌ನೆಟ್ಟಿನಲ್ಲಿ ಹೆಣ್ಣು ಸಿಕ್ಕಿ ಮದುವೆಯಾಯಿತು. ಮಾವ ಆ ವೆಬ್‌ಸೈಟಿನ ವಿಳಾಸವನ್ನು ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಬರೆಸಿಕೊಂಡು ಬಂದರು.

"ಮಧ್ಯದಲ್ಲಿ ಯಾವ ಮನುಷ್ಯನೂ ಇರಲ್ಲ ಭಾವ," ಎಂದು ಅಪ್ಪನಿಗೆ ಹೇಳಿದರು. "ನಾವು ಹಾಕಿದ್ದು ಹಾಕ್ದಂಗೇ ಅವರಿಗೆ ಕಾಣುತ್ತೆ. ಸುಳ್ಳು ಹೇಳೋಕೆ ಜಾಗಾನೇ ಇಲ್ಲ."

ಅಪ್ಪ, "ನೀನುಂಟು, ನಿಮ್ಮಕ್ಕ ಉಂಟು," ಎಂದು ಮಗ್ಗದ ಕಡೆಗೆ ಹೋದರು.

ಬಸ್ ನಿಲ್ದಾಣದ ಹತ್ತಿರ ಒಬ್ಬ ಹೆಂಗಸು ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದರು. ನಲವತ್ತು ದಾಟಿದ, ಗಟ್ಟಿ ಧ್ವನಿಯ ಹೆಂಗಸು. ಗಂಡ ಊರೂರು ಸೀರೆ ಮಾರಲು ಹೋಗುತ್ತಿದ್ದರು, ಬೂತ್ ಪೂರ್ತಿ ಈಕೆಯದೇ. ಆ ವರ್ಷ ಅವರು ಜೆರಾಕ್ಸ್ ಯಂತ್ರದ ಪಕ್ಕ ಒಂದು ಕಂಪ್ಯೂಟರ್ ತಂದಿಟ್ಟು ಇಂಟರ್‌ನೆಟ್ ಶುರು ಮಾಡಿದ್ದರು. ನಾವು ಹೋದಾಗ ಇದ್ದ ಎರಡು ಫೋನುಗಳಲ್ಲಿ ಒಂದರ ತಂತಿ ಕಿತ್ತು ಕಂಪ್ಯೂಟರಿನ ಪಕ್ಕದ ಪುಟ್ಟ ಡಬ್ಬಿಗೆ ಸಿಕ್ಕಿಸಿದರು. ಡಬ್ಬಿ ಕೀಚ್ ಕೀಚ್ ಎಂದು ಅರಚಿಕೊಂಡು ಆಮೇಲೆ ಸುಮ್ಮನಾಯಿತು.

"ಇದೇನು ಹಿಂಗ್ ಕಿರುಚುತ್ತೆ?" ಎಂದರು ಮಾವ.

"ಅದು ಲೈನ್ ಹಿಡಿಯೋ ಸದ್ದು ಸಾರ್. ಈಗ ಹಿಡೀತು."

"ನಿಮಗೆ ಹೆಂಗೆ ಗೊತ್ತು ಹಿಡೀತು ಅಂತ?"

ಆಕೆ ಮಾವನ ಮುಖವನ್ನೊಮ್ಮೆ ನೋಡಿ ಫೋನ್ ಗಿರಾಕಿಯ ಕಡೆ ಹೋದರು.

ಅರ್ಜಿಯ ಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. ಸಾಲುಸಾಲಾಗಿ ಖಾನೆಗಳು. ಮಾವ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ವಯಸ್ಸು ಇದ್ದದ್ದೇ. ಎತ್ತರ ಐದಡಿ ಒಂದಂಗುಲ. ಬಣ್ಣ ಗೋಧಿ. ತಂದೆಯ ಕಸುಬು ಪವರ್‌ಲೂಮ್ ನೇಯ್ಗೆ. ನಿಮ್ಮ ಬಗ್ಗೆ ಬರೆಯಿರಿ ಎಂದಿದ್ದ ಕಡೆ, ನನಗೂ ನೇಯಲು ಬರುತ್ತದೆ ಎಂದು ನಾನೇ ಸೇರಿಸಿದೆ. ಸಂಪರ್ಕಕ್ಕೆ ಮಾವನ ಹೆಸರು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲವಾದ್ದರಿಂದ ಆ ಬೂತಿನ ನಂಬರನ್ನೇ ಕೊಟ್ಟೆವು. ಯಾರಾದರೂ ಫೋನ್ ಮಾಡಿದರೆ ಹೇಳಿ ಕಳಿಸುತ್ತೇನೆ ಎಂದು ಆಕೆ ಒಪ್ಪಿದ್ದರು. ಕೊನೆಗೆ ಪುಟದ ಅಡಿಯಲ್ಲಿದ್ದ ಬೂದುಬಣ್ಣದ ಗುಂಡಿಯನ್ನು ಒತ್ತಿದೆ.

ಏನೂ ಆಗಲಿಲ್ಲ.

ಪುಟ ಇದ್ದಂತೆಯೇ ಇತ್ತು. ಕಳಿಸುತ್ತಿದ್ದೇನೆ ಎಂದಾಗಲಿ, ತಡೀರಿ ಎಂದಾಗಲಿ ಅದು ಒಂದು ಮಾತೂ ಹೇಳಲಿಲ್ಲ. ನಾನು ಬರೆದದ್ದೆಲ್ಲ ಕಣ್ಣೆದುರು ಹಾಗೆಯೇ ಕೂತಿತ್ತು. ಪರದೆಯ ಮೇಲ್ಗಡೆ ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ಮಾತ್ರ ಗರಗರ ತಿರುಗುತ್ತಿತ್ತು.

"ಅದು ಯಾಕೆ ತಿರುಗ್ತಿದೆ?" ಎಂದು ಮಾವ ಕೂಗಿ ಕೇಳಿದರು.

"ಅದು ಯಾವಾಗ್ಲೂ ತಿರುಗುತ್ತೆ ಸಾರ್," ಎಂದರು ಬೂತಿನಾಕೆ ಅಲ್ಲಿಂದಲೇ.

ಮಾವ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ ಧ್ವನಿ ತಗ್ಗಿಸಿದರು. "ತಗೊಳ್ತಾ ಇಲ್ಲ ಕಣಮ್ಮಾ. ನಾವು ಹಾಕಿರೋದ್ರಲ್ಲಿ ಏನೋ ಇದಕ್ಕೆ ಹಿಡಿಸ್ತಿಲ್ಲ."

"ಯಾವುದು ಮಾವ?"

"ಎತ್ತರಾನೇ ಇರ್ಬೇಕು. ಇಷ್ಟಕ್ಕಿಂತ ಕಮ್ಮಿ ಇದ್ರೆ ತಗೋಬೇಡ ಅಂತ ಮೊದಲೇ ಹೇಳಿಟ್ಟಿರ್ತಾರೆ. ನಮ್ಮ ಕಾರ್ಖಾನೇಲೂ ಹಂಗೇ, ಸೈಜ್ ಕಮ್ಮಿ ಬಂದ ಮಾಲನ್ನ ಒಳಗೇ ಬಿಡಲ್ಲ. ಐದು ಮೂರು ಅಂತ ಹಾಕು."

"ಸುಳ್ಳಾಗುತ್ತೆ."

"ಚಪ್ಪಲಿ ಹಾಕ್ಕೊಂಡ್ರೆ ಅಷ್ಟೇ ಬರ್ತೀಯ. ಹಾಕು."

ಹಾಕಿದೆ, ಒತ್ತಿದೆ. ಮತ್ತೆ ಏನೂ ಇಲ್ಲ. ಆಗ ಮಾವನ ಬೆರಳು ಪರದೆಯ ಮೇಲೆ ಕೆಳಗಿಳಿದು ಅಪ್ಪನ ಕಸುಬಿನ ಮೇಲೆ ನಿಂತಿತು. "ಇದೇ," ಎಂದರು. "ಮಗ್ಗ ಅಂದ್ರೆ ಪಟ್ಟಣದವರಿಗೆ ಹಿಡಿಸಲ್ಲ. ರೇಷ್ಮೆ ಸೀರೆ ವ್ಯಾಪಾರಿ ಅನ್ನು. ನಿಂಗೆ ನೇಯೋಕೆ ಬರುತ್ತೆ ಅನ್ನೋದನ್ನೂ ತೆಗಿ." ನನಗೆ ಮನಸ್ಸಿರಲಿಲ್ಲ. ಆದರೆ ಆ ಪೆಟ್ಟಿಗೆ ಸುಮ್ಮನೆ ನನ್ನನ್ನೇ ನೋಡುತ್ತಿರುವಂತಿತ್ತು. ಇವಳು ಬೇಡ, ಇವಳು ಬೇಡ ಎಂದು ಅದು ನಿಜಕ್ಕೂ ತಳ್ಳುತ್ತಿದೆಯೇನೋ ಎಂಬ ಅನುಮಾನ ನನಗೂ ಹತ್ತಿತ್ತು. ತಿದ್ದಿ ಒತ್ತಿದೆ. ಅದೂ ಆಗದಿದ್ದಾಗ ಮಾವ ನನ್ನ ಬಣ್ಣವನ್ನು ಬಿಳಿ ಮಾಡಿಸಿದರು, ವಯಸ್ಸು ಇಳಿಸಿದರು, ಸಂಗೀತ ಬರುತ್ತದೆ ಎಂದು ಬರೆಸಿದರು. ಅದನ್ನು ಒತ್ತಿ ಕೈ ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಊರಿನ ಮಗ್ಗಗಳೆಲ್ಲ ಒಟ್ಟಿಗೇ ನಿಂತು, ರಸ್ತೆಯಲ್ಲಿ ಹೋಗುವವರ ಮಾತು ಒಳಗಿನವರೆಗೂ ಕೇಳಿಸತೊಡಗಿತು.

ಮಾವ ಎದ್ದು ನಿಂತರು. "ನಾವು ಬರೆದದ್ದೆಲ್ಲ ಎಲ್ಲಿ ಹೋಯ್ತು? ಈ ಡಬ್ಬದೊಳಗೇ ಇದ್ಯಾ? ಅಳಿಸ್ರಿ."

"ಕರೆಂಟೇ ಇಲ್ವಲ್ಲ ಸಾರ್. ಏನಂತ ಅಳಿಸ್ಲಿ?"

"ನೀವು ಇಟ್ಕೊಂಡು ನಾಳೆ ಇನ್ಯಾರಿಗೋ ಕೊಟ್ರೆ?"

"ನಂಗ್ಯಾಕ್ರೀ ನಿಮ್ಮ ಮನೆ ಹುಡುಗಿ ಎತ್ತರ?" ಎಂದರು ಆಕೆ.

ಅರ್ಜಿ ಹೋಗಲೇ ಇಲ್ಲ ಎಂದುಕೊಂಡು ನಾವು ಮನೆಗೆ ಬಂದೆವು. ಮಾವ ಅಮ್ಮನಿಗೆ ಕೊಟ್ಟ ವರದಿ ಇಷ್ಟೇ: ಆ ಹೆಂಗಸಿನ ಮಷಿನ್ ಸರಿಯಿಲ್ಲ, ಆ ಹೆಂಗಸೂ ಸರಿಯಿಲ್ಲ.

ಕೆಲವು ದಿನಗಳ ಮೇಲೆ ನಾನು ಮಾರ್ಕೆಟ್ಟಿನಿಂದ ಬರುವಾಗ ಆಕೆ ಬೂತಿನಿಂದ ಆಚೆ ಬಂದು ಕರೆದರು. ಮುಖ ಗಂಟಾಗಿತ್ತು.

"ಬಾಮ್ಮ ಇಲ್ಲಿ. ನಿಮ್ಮನೇಲಿ ಎಷ್ಟು ಜನ ಹೆಣ್ಮಕ್ಳು?"

"ನಾನೊಬ್ಳೇ. ಯಾಕೆ?"

"ಮತ್ತೆ ನಂಗ್ಯಾಕೆ ಇಷ್ಟೊಂದು ಫೋನು? ಒಬ್ರು ಸಂಗೀತದ ಹುಡುಗೀನ ಕೇಳ್ತಾರೆ. ಇನ್ನೊಬ್ರು ಸೀರೆ ವ್ಯಾಪಾರಿ ಮಗಳು ಅಂತಾರೆ. ತುಮಕೂರಿಂದ ಒಬ್ಬ, ಒಂದೇ ನಂಬರ್‌ಗೆ ಎಷ್ಟು ಹುಡುಗೀರ‍್ನ ಇಟ್ಕೊಂಡಿದ್ದೀರಾ ಅಂತ ನಂಗೇ ಬೈದ. ನಿಮ್ಮ ಮಾವ ನನ್ನ ನಂಬರಲ್ಲಿ ಬ್ರೋಕರ್ ಕೆಲಸ ಶುರು ಮಾಡಿದ್ದಾರಾ? ನನ್ನ ಬೂತ್‌ಗೆ ಒಂದು ಮರ್ಯಾದೆ ಇದೆ."

ನನಗೆ ತಲೆಬುಡ ತಿಳಿಯಲಿಲ್ಲ. ಅರ್ಜಿ ಹೋಗಿಲ್ಲ ಎಂದ ಮೇಲೆ ಫೋನು ಹೇಗೆ ಬರುತ್ತದೆ? ಮನೆಯಲ್ಲಿ ಹೇಳಿದಾಗ ಮಾವನಿಗೆ ಯಾವ ಗೊಂದಲವೂ ಆಗಲಿಲ್ಲ. "ನಾನು ಅವತ್ತೇ ಹೇಳಿದ್ನಲ್ಲ," ಎಂದರು. "ಅವಳೇ ಇಟ್ಕೊಂಡು ಕಂಡಕಂಡವರಿಗೆ ಕೊಟ್ಟಿದ್ದಾಳೆ." ಒಟ್ಟಿನಲ್ಲಿ ಬೂತಿನಾಕೆಗೆ ಮಾವನ ಮೇಲೆ ಅನುಮಾನ, ಮಾವನಿಗೆ ಬೂತಿನಾಕೆಯ ಮೇಲೆ. ಇಬ್ಬರ ನಡುವೆ ನಾನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಆ ಫೋನುಗಳಲ್ಲಿ ಹೊಸಕೋಟೆಯ ಒಂದು ಮನೆಯವರದೂ ಇತ್ತು. ಬೇರೆಯವರ ಹಾಗೆ ಅವರು ಬಯ್ಯಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಭಾನುವಾರ ಬರುತ್ತೇವೆ, ಮನೆಯ ದಾರಿ ಹೇಳಿ ಎಂದಷ್ಟೇ ಕೇಳಿದರಂತೆ. ಹುಡುಗ ಹಾಲು ಶೀತಲೀಕರಣ ಕೇಂದ್ರದಲ್ಲಿ, ಹಳ್ಳಿಗಳಿಂದ ಬರುವ ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಪರೀಕ್ಷಿಸುವವನು. ಮಾವನಿಗೆ ಕೆಲಸ ತುಂಬ ಹಿಡಿಸಿತು. ಆದರೆ ಏನೂ ಕೇಳದೆ ಬರುತ್ತಿರುವುದು ಹಿಡಿಸಲಿಲ್ಲ. "ಏನೂ ಕೇಳಲ್ಲ ಅಂದ್ರೆ ಎಲ್ಲಾ ತಿಳ್ಕೊಂಡೇ ಬರ್ತಿದ್ದಾರೆ ಅಂತ," ಎಂದರು.

ಭಾನುವಾರ ಮೂವರು ಬಂದರು: ಹುಡುಗ, ಅವನ ತಾಯಿ, ಮತ್ತು ಅಕ್ಕ. ಅಕ್ಕ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದವರು. ಚಾಪೆಯ ಮೇಲೆ ಕೂತವರೇ ಅವರು ನಮ್ಮ ಮನೆಯ ಗೋಡೆ, ಸೂರು, ಒಳಬಾಗಿಲು ಎಲ್ಲವನ್ನೂ ಕಣ್ಣಲ್ಲೇ ಒಂದು ಸುತ್ತು ಹಾಕಿ ಬಂದರು. ನಾನು ಕಾಫಿ ಕೊಡಲು ಬಂದಾಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಕೈಚೀಲ ತೆರೆದು ಕಾಗದಗಳನ್ನು ತೆಗೆದು ಒಂದರ ಪಕ್ಕ ಒಂದರಂತೆ ಚಾಪೆಯ ಮೇಲೆ ಹಾಸಿದರು. ನಾಲ್ಕು ಕಾಗದ. ನಾಲ್ಕರಲ್ಲೂ ನನ್ನ ಹೆಸರು.

"ತಪ್ಪು ತಿಳ್ಕೋಬೇಡಿ," ಎಂದರು ನನ್ನನ್ನು ನೋಡಿ. "ಇವರಲ್ಲಿ ನೀವು ಯಾರು?"

ನಾನು ಬಗ್ಗಿ ನೋಡಿದೆ. ಐದಡಿ ಒಂದಂಗುಲದವಳು, ಐದಡಿ ಮೂರಂಗುಲದವಳು, ವ್ಯಾಪಾರಿಯ ಮಗಳು, ಸಂಗೀತ ಬಲ್ಲ ಬಿಳಿಯ ಹುಡುಗಿ. ನಾಲ್ವರೂ ಸಾಲಾಗಿ ಮಲಗಿದ್ದರು. ಹೋಗಲೇ ಇಲ್ಲ ಎಂದುಕೊಂಡಿದ್ದೆವಲ್ಲ, ಒತ್ತಿದ ಪ್ರತಿ ಸಲವೂ ಹೋಗಿತ್ತು.

"ಇದು," ಎಂದು ಮೊದಲನೆಯ ಕಾಗದ ಮುಟ್ಟಿದೆ.

"ಇದು ಯಾರೋ ಮಾಡಿರೋ ಮೋಸ," ಎಂದು ಮಾವ ಶುರು ಮಾಡಿದರು. "ಆ ಬೂತ್ ಹೆಂಗಸು..."

"ನಾಲ್ಕರಲ್ಲೂ ಸಂಪರ್ಕಕ್ಕೆ ನಿಮ್ಮ ಹೆಸರೇ ಇದೆ," ಎಂದರು ಅಕ್ಕ. "ನಾನು ನಾಲ್ಕನ್ನೂ ಓದಿದ್ಮೇಲೆ, ಇವರು ಏನೋ ಮುಚ್ಚಿಡ್ತಿದ್ದಾರೆ, ಕಣ್ಣಾರೆ ನೋಡ್ಬೇಕು ಅಂತಲೇ ಬಂದೆ. ಹುಡುಗಿ ಇರೋದೇ ನಿಜಾನೋ ಸುಳ್ಳೋ ಅಂತ್ಲೂ ಅನುಮಾನ ಇತ್ತು ನಂಗೆ."

ಅಪ್ಪ ಅಷ್ಟು ಹೊತ್ತೂ ಗೋಡೆಗೊರಗಿ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮುಂದೆ ಬಂದು ಕಾಗದಗಳ ಮೇಲೆ ಕೈಯಾಡಿಸಿ ನನ್ನನ್ನು ಕೇಳಿದರು: "ಇದ್ರಲ್ಲಿ ನನ್ನ ಕಸುಬು ಏನಂತ ಹಾಕಿದೆ?"

ನಾನು ಕಾಗದಗಳನ್ನು ಅಕ್ಕನ ಕಡೆ ಸರಿಸಿದೆ. ಅಕ್ಕ ಓದಿದರು. "ಈ ಎರಡರಲ್ಲಿ ಪವರ್‌ಲೂಮ್. ಈ ಎರಡರಲ್ಲಿ ರೇಷ್ಮೆ ಸೀರೆ ವ್ಯಾಪಾರ."

ಅಪ್ಪ ಮಾವನ ಕಡೆ ತಿರುಗಿದರು. "ಮಗ್ಗ ಅನ್ನೋದು ಯಾಕೆ ಬೇಡ ಆಯ್ತಯ್ಯಾ?"

"ಕಂಪ್ಯೂಟರ್ ತಗೊಳ್ಲಿಲ್ಲ ಭಾವ," ಎಂದರು ಮಾವ. ಅವರ ಧ್ವನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು. "ಒತ್ತಿದ್ರೆ ಏನೂ ಹೇಳ್ಲಿಲ್ಲ. ಏನಾದ್ರೂ ಹೇಳಿದ್ರೆ ನಾನ್ಯಾಕೆ ತಿದ್ದಿಸ್ತಿದ್ದೆ? ಅದು ಬೇಡ ಅಂತಿದೆ ಅನ್ಕೊಂಡೆ."

"ಬೇಡ ಆಗಿದ್ದು ಅದಕ್ಕಾ, ನಿಂಗಾ?"

ಅಪ್ಪ ಎದ್ದು ಹಿಂದಿನ ಶೆಡ್ಡಿಗೆ ಹೋದರು. ಭಾನುವಾರ ಮಗ್ಗ ಓಡಿಸುವ ವಾಡಿಕೆ ನಮ್ಮಲ್ಲಿರಲಿಲ್ಲ. ಆದರೂ ಸ್ವಿಚ್ ಹಾಕಿದರು. ಮಗ್ಗ ಓಡತೊಡಗಿತು. ಗೋಡೆ ಕಂಪಿಸಿತು, ತಟ್ಟೆಯಲ್ಲಿದ್ದ ಲೋಟಗಳು ಕಿಣಿಕಿಣಿ ಎಂದವು. ಇನ್ನು ಮಾತಾಡುವಂತೆಯೇ ಇರಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹುಡುಗನ ಅಕ್ಕ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಅದುವರೆಗೆ ಬಾಯಿ ಬಿಡದಿದ್ದ ಹುಡುಗ ಎದ್ದು ಶೆಡ್ಡಿನ ಬಾಗಿಲಿಗೆ ಹೋಗಿ ನಿಂತ. ಅಪ್ಪ ಅವನನ್ನು ನೋಡಿಯೂ ನೋಡದವರಂತೆ ಇದ್ದರು. ಅವನು ಬಗ್ಗಿ ಏನನ್ನೋ ಕೇಳಿದ. ಅಪ್ಪ ಕಿವಿ ತೋರಿಸಿ ಕೇಳಿಸುವುದಿಲ್ಲ ಎಂದರು. ಅವನು ಇನ್ನೂ ಹತ್ತಿರ ಹೋದ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಪ್ಪ ನೇಯುತ್ತಿದ್ದ ಸೀರೆಯ ಸೆರಗಿನ ಭಾಗವನ್ನು ಎತ್ತಿ ಹಿಡಿದು ಅವನಿಗೆ ತೋರಿಸುತ್ತಿದ್ದರು. ಹೊರಡುವಾಗ ಅವರು ಒಪ್ಪಿಗೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ತಿಳಿಸುತ್ತೇವೆ ಎಂದು ಹೋದರು.

ಮಾರನೆಯ ದಿನ ನಾನೇ ಬೂತಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿ, "ಹಂಗಾದ್ರೆ ನಾನು ಕಳ್ಳಿ ಅಲ್ಲ ಅಂತ ಆಯ್ತಲ್ಲ," ಎಂದು ಕುರ್ಚಿ ಎಳೆದು ಕೊಟ್ಟರು. ಇಬ್ಬರೂ ಕೂತು ಆ ಪುಟ ತೆರೆದೆವು. ಒಂದನ್ನು ಉಳಿಸಿ ಮೂರನ್ನು ತೆಗೆಯಬೇಕಿತ್ತು. ತೆಗೆಯಿರಿ ಎಂಬ ಗುಂಡಿ ಒತ್ತಿದೆ. ಮತ್ತೆ ಅದೇ ಮೌನ. ನನ್ನ ಕೈ ತಾನಾಗಿ ಇನ್ನೊಮ್ಮೆ ಒತ್ತಲು ಹೋಯಿತು. ಆಕೆ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡರು. "ಸುಮ್ನೆ ಕೂತ್ಕೊ. ಏನಾಗುತ್ತೋ ಇವತ್ತು ನೋಡೇಬಿಡೋಣ."

ಕೂತೆವು. ಒಬ್ಬರು ಬಂದು ಫೋನ್ ಮಾಡಿ ಹೋದರು. ಇನ್ನೊಬ್ಬರು ಬಂದು ಜೆರಾಕ್ಸ್ ಕೇಳಿ, ಆಕೆ ಏಳದ್ದನ್ನು ನೋಡಿ ಗೊಣಗಿಕೊಂಡು ಹೋದರು. ಮೂಲೆಯ ಚಿತ್ರ ತಿರುಗುತ್ತಲೇ ಇತ್ತು. ಕೊನೆಗೆ ಪುಟ ಒಮ್ಮೆ ಬೆಳ್ಳಗಾಗಿ, ಮೇಲಿನಿಂದ ಸಾಲುಸಾಲಾಗಿ ಇಳಿಯಿತು. ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ, ಧನ್ಯವಾದ ಎಂದು ಇಂಗ್ಲಿಷಿನಲ್ಲಿತ್ತು. ಚಿತ್ರ ತಿರುಗುವುದನ್ನು ನಿಲ್ಲಿಸಿತು.

"ಓ, ನಿಲ್ಲುತ್ತೆ ಇದು!" ಎಂದರು ಬೂತಿನಾಕೆ. "ಯಾವಾಗ್ಲೂ ತಿರುಗುತ್ತೆ ಅನ್ಕೊಂಡಿದ್ದೆ. ಕೆಲಸ ಮಾಡೋವಾಗ ಮಾತ್ರ ತಿರುಗುತ್ತೆ ಅಂತ ಕಾಣುತ್ತೆ."

ಅವತ್ತೇ ಅವರು ಒಂದು ರಟ್ಟಿನ ಮೇಲೆ "ಒಂದೇ ಸಲ ಒತ್ತಿ, ಕೈ ತೆಗೆದು ಕಾಯಿರಿ" ಎಂದು ಬರೆದು ಕಂಪ್ಯೂಟರಿನ ತಲೆಗೆ ಅಂಟಿಸಿದರು. ಗಿರಾಕಿಗಳು ಅದನ್ನೂ ಅನುಮಾನಿಸಿದರು. ಗಂಟೆಯ ಲೆಕ್ಕ ಏರಲಿ ಎಂದೇ ಈ ಹೆಂಗಸು ಕಾಯಿಸುತ್ತಾಳೆ ಎಂದು ತೂಬಗೆರೆಯ ಕಡೆಯವರೊಬ್ಬರು ಜಗಳಕ್ಕೇ ಬಂದರು. ಆಮೇಲೆ ಆಕೆ ರಟ್ಟನ್ನು ನೆಚ್ಚಿಕೊಳ್ಳದೆ ಯಾರು ಗುಂಡಿ ಒತ್ತಿದರೂ ಬೆನ್ನ ಹಿಂದೆ ನಿಂತು ಬಾಯಲ್ಲೇ ಹೇಳತೊಡಗಿದರು: "ಹೋಯ್ತು... ಇನ್ನೂ ಹೋಗ್ತಿದೆ... ತಡೀರಿ, ಬಂತು." ಅದು ಕೆಲಸಕ್ಕೆ ಬಂತು. ಯಾರೂ ಎರಡನೇ ಸಲ ಒತ್ತುತ್ತಿರಲಿಲ್ಲ.

ಹೊಸಕೋಟೆಯವರು ಒಪ್ಪಿಗೆ ಎಂದು ಹೇಳಿ ಕಳಿಸಿದಾಗ ಮಾವನಿಗೆ ಎಲ್ಲಕ್ಕಿಂತ ದೊಡ್ಡ ಅನುಮಾನ ಬಂತು. "ಇಷ್ಟೆಲ್ಲ ಆದ್ಮೇಲೂ ಒಪ್ತಾರೆ ಅಂದ್ರೆ ಅವರ ಕಡೇನೇ ಏನೋ ಇದೆ." ರಜೆ ಹಾಕಿ ಹೊಸಕೋಟೆಗೆ ಹೋದರು. ಹುಡುಗನ ಬೀದಿಯಲ್ಲಿ ಕ್ಷೌರ ಮಾಡಿಸಿಕೊಂಡರು, ಅಂಗಡಿಯಲ್ಲಿ ಬೀಡಿ ಕೊಂಡರು, ಹಾಲು ಹಾಕುವವರ ಜೊತೆ ಕೂತು ಮಾತಾಡಿದರು. ಹುಡುಗನ ಬಗ್ಗೆ ಯಾರೂ ಕೆಟ್ಟದ್ದು ಹೇಳಲಿಲ್ಲ. ನೀರು ಬೆರೆಸಿದ ಹಾಲನ್ನು ವಾಪಸ್ ಕಳಿಸುತ್ತಾನೆ ಎಂದು ಒಬ್ಬ ಮಾತ್ರ ಬೈದನಂತೆ. ಹೆಮ್ಮೆಯಿಂದ ವಾಪಸ್ ಬಂದವರಿಗೆ ಅಮ್ಮ ಒಂದು ಸುದ್ದಿ ಕೊಟ್ಟಳು. ಅದೇ ದಿನ ಹುಡುಗನ ಅಕ್ಕ ನಮ್ಮ ಬೀದಿಗೆ ಬಂದು, ಸೀರೆ ಕೊಳ್ಳುವ ನೆಪದಲ್ಲಿ ಪಕ್ಕದ ಮನೆಯವರಿಂದ ನಮ್ಮ ಬಗ್ಗೆ ಎಲ್ಲವನ್ನೂ ಕೇಳಿಕೊಂಡು ಹೋಗಿದ್ದರು.

ಮಾವ, "ಒಳ್ಳೇ ಮನೆತನ," ಎಂದರು.

ಮಾತುಕತೆಯ ದಿನ ನನಗೂ ಹುಡುಗನಿಗೂ ಹಿತ್ತಲಿನಲ್ಲಿ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟರು. ನನಗೆ ಕೇಳಬೇಕಿದ್ದದ್ದು ಒಂದೇ.

"ನಾಲ್ಕು ಜನದಲ್ಲಿ ನೀವು ಯಾರನ್ನು ನೋಡಿ ಫೋನ್ ಮಾಡಿಸಿದ್ರಿ?"

"ಮೊದಲನೆಯವರನ್ನ," ಎಂದ. "ನೇಯೋಕೆ ಬರುತ್ತೆ ಅಂತ ಇತ್ತಲ್ಲ. ಮಿಕ್ಕಿದ್ದನ್ನ ಅಕ್ಕ ಆಮೇಲೆ ಹುಡುಕಿದ್ದು."

ಕೇಳಲು ಹಿತವಾಗಿತ್ತು. ಹಿತವಾಗಿದೆ ಎಂಬ ಕಾರಣಕ್ಕೇ ನಂಬಿಕೆ ಬರಲಿಲ್ಲ. ಬೇರೆ ಏನು ಹೇಳಿಯಾನು? ಸಂಗೀತದವಳನ್ನು ನೋಡಿ ಬಂದೆ ಎನ್ನುತ್ತಾನೆಯೇ? ಬೂತಿನಾಕೆಯನ್ನು ವಿಚಾರಿಸಿದೆ, ಹೊಸಕೋಟೆಯವರು ಮೊದಲು ಯಾವ ಹುಡುಗಿಯನ್ನು ಕೇಳಿದ್ದು ಎಂದು. ಆಕೆಗೆ ನೆನಪಿರಲಿಲ್ಲ. ಮದುವೆಯಾದ ಎಷ್ಟೋ ವರ್ಷಗಳ ಮೇಲೆ ಅತ್ತೆ, ಸೊಪ್ಪು ಬಿಡಿಸುತ್ತಾ, "ನಂಗೆ ಆಗ ಆ ಸಂಗೀತದ ಹುಡುಗಿ ಇಷ್ಟವಾಗಿದ್ಲು ಕಣೇ," ಎಂದಿದ್ದರು. ಗಂಡ ಮಾತ್ರ ಇವತ್ತಿಗೂ ಮೊದಲನೆಯವಳೇ ಎನ್ನುತ್ತಾರೆ. ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಮದುವೆ ದೊಡ್ಡಬಳ್ಳಾಪುರದಲ್ಲೇ ಆಯಿತು. ಅಪ್ಪ ನೇಯ್ದ ಸೀರೆಯನ್ನೇ ಉಟ್ಟಿದ್ದೆ. ಆವತ್ತಿನ ಮಾತಿನ ನಂತರ ಮಾವನೊಂದಿಗೆ ಮುಖ ಕೊಟ್ಟು ಮಾತಾಡದಿದ್ದ ಅಪ್ಪ ಧಾರೆಯ ಹೊತ್ತಿಗೆ ಅವರನ್ನು ಹುಡುಕಿಸಿದರು. ಮಾವ ಎಲ್ಲೂ ಸಿಗಲಿಲ್ಲ. ಹುಡುಗನ ಅಕ್ಕನೂ ಕಾಣೆ. ಅಮ್ಮ ಗಾಬರಿಯಾಗಿ ಛತ್ರವನ್ನೆಲ್ಲ ಸುತ್ತಿ ಕೊನೆಗೆ ಉಗ್ರಾಣದ ಬಾಗಿಲಲ್ಲಿ ಇಬ್ಬರನ್ನೂ ಕಂಡಳು. ಎರಡು ಕುರ್ಚಿ ಹಾಕಿಕೊಂಡು ಅಕ್ಕಪಕ್ಕ ಕೂತಿದ್ದರಂತೆ.

"ಇಲ್ಲೇನ್ ಮಾಡ್ತಿದ್ದೀಯೋ? ಧಾರೆ ಶುರುವಾಗ್ತಿದೆ!" ಎಂದಳಂತೆ ಅಮ್ಮ.

ಮಾವ ಸನ್ನೆ ಮಾಡಿ ಸುಮ್ಮನಿರಲು ಹೇಳಿದರಂತೆ. "ಆ ಅಡುಗೆಯವನು ತುಪ್ಪದ ಡಬ್ಬಕ್ಕೆ ಯಾಕೋ ತುಂಬಾ ಸಲ ಬರ್ತಿದ್ದಾನೆ ಅಕ್ಕ."

"ನಾನೂ ಅದನ್ನೇ ನೋಡ್ತಿದ್ದೀನಿ," ಎಂದರಂತೆ ನನ್ನ ನಾದಿನಿ. "ನೀವು ಹೋಗಿ ಬನ್ನಿ ಅಣ್ಣ, ನಾನು ಇಲ್ಲೇ ಇರ್ತೀನಿ."